ಅಮ್ಮನ ಎಡಗಣ್ಣು ಮತ್ತು ಆ ಗ್ರಹದ ನೀಲಿ

ಆ ಸಿನಿಮಾದ ಕಥೆಗೆ ತಲೆಯೂ ಇಲ್ಲ, ಬುಡವೂ ಇಲ್ಲ. ದೂರದ ಗ್ರಹ, ಅಲ್ಲಿ ನೀರಿಗಾಗಿ ಯುದ್ಧ, ಸತ್ತ ನಾಯಕ ಕಾರಣ ಹೇಳದೆ ಎದ್ದು ಬರುತ್ತಾನೆ. ಆದರೂ ದೊಡ್ಡಬಳ್ಳಾಪುರದ ಟಾಕೀಸಿನಲ್ಲಿ ಎರಡು ಸಲ ನೋಡಿದೆ. ಸಂಜೆಯಾದಂತೆ ಆ ಗ್ರಹದ ಆಕಾಶ, ಕಲ್ಲು, ನೀರು ಎಲ್ಲ ನಿಧಾನವಾಗಿ ನೀಲಿಗೆ ತಿರುಗುತ್ತವೆ. ಆ ಹೊತ್ತಿನಲ್ಲಿ ಕಥೆಗಿಥೆ ನನಗೆ ಬೇಕಾಗಿರಲಿಲ್ಲ.

ಮೂರನೇ ಸಲ ಅಮ್ಮನನ್ನು ಕರೆದುಕೊಂಡು ಹೋದೆ. ರಾಜಘಟ್ಟದ ಹತ್ತಿರ ರೇಷ್ಮೆ ಹುಳು ಸಾಕುವವಳು ಅವಳು. ಹುಳು ಹಣ್ಣಾದಾಗ ಮೈ ಹಳದಿಯಾಗುತ್ತದೆ. ಅಂಥದನ್ನೇ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಹೋದ ವರ್ಷ ಅಮ್ಮ ಇನ್ನೂ ಸೊಪ್ಪು ತಿನ್ನಬೇಕಾಗಿದ್ದ ಹುಳುಗಳನ್ನೆಲ್ಲ ಆರಿಸಿಬಿಟ್ಟಳು. ಕಣ್ಣಿಗೆ ಪೊರೆ ಬಂದು ಅವಳಿಗೆ ಎಲ್ಲವೂ ಹಳದಿಯಾಗಿಯೇ ಕಂಡಿತ್ತು. ಹುಳುಗಳು ಗೂಡು ಕಟ್ಟದೆ ಸುಮ್ಮನೆ ಅಲೆದವು. ಆ ಅವಮಾನಕ್ಕೇ ಬಲಗಣ್ಣಿನ ಆಪರೇಷನ್ನಿಗೆ ಒಪ್ಪಿದಳು.

ಎಡಗಣ್ಣಿಗೆ ಮಾತ್ರ ಬಿಲ್‌ಕುಲ್ ಒಪ್ಪಲಿಲ್ಲ. “ಒಂದಾಯ್ತಲ್ಲ, ಸಾಕ್ ಬಿಡು. ಇನ್ನೆಷ್ಟ್ ದಿನ ಇರ್ತೀನಿ?” ಎನ್ನುವಳು. ತಡವಾದರೆ ಪೊರೆ ಬಲಿತು ಕಷ್ಟವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ನನಗೆ ಆ ಮಾತಿನದೇ ಹೆದರಿಕೆ. ಆದರೆ ಅಮ್ಮ ಹಿಡಿದ ಮೊಲಕ್ಕೆ ಮೂರೇ ಕಾಲು.

ಸಿನಿಮಾ ಶುರುವಾದಾಗಿನಿಂದ ಗೊಣಗುತ್ತಿದ್ದಳು. “ಇವ್ನ್ಯಾಕೆ ಹಿಂಗ್ ಓಡ್ತಾನೆ? ಕೂತ್ಕೊಂಡ್ ಮಾತಾಡಿದ್ರೆ ಮುಗ್ದೋಗ್ತಿತ್ತಲ್ಲ!” ಮುಂದಿನ ಸಾಲಿನವರು ತಿರುಗಿ ನೋಡಿದರು. ಅವಳು ಹೇಳಿದ್ದು ನಿಜವೇ ಆಗಿದ್ದರಿಂದ ನಾನು ನಕ್ಕೆ.

ಆಮೇಲೆ ಆ ಸಂಜೆಯ ದೃಶ್ಯ ಬಂತು. ಅಮ್ಮ ಸುಮ್ಮನಾದಳು. ನೋಡಿದರೆ, ಸೆರಗಿನಿಂದ ಬಲಗಣ್ಣು ಮುಚ್ಚಿಕೊಂಡಿದ್ದಾಳೆ. ಸ್ವಲ್ಪ ಹೊತ್ತಿಗೆ ಎಡಗಣ್ಣು ಮುಚ್ಚಿದಳು. ಮತ್ತೆ ಬಲಗಣ್ಣು.

“ಈ ಕಣ್ಣಲ್ಲಿ ಅದು ಕೆರೆ ಬಗ್ಗಡ ಕಣೆ,” ಎಂದು ಎಡಗಣ್ಣು ತೋರಿಸಿದಳು. “ಈ ಕಣ್ಣಲ್ಲಿ...” ಅಷ್ಟಕ್ಕೇ ನಿಲ್ಲಿಸಿ ಪರದೆಯ ಕಡೆ ತಿರುಗಿದಳು.

ಹೊರಗೆ ಬಂದು ಬಸ್ಸಿಗೆ ಕಾಯುತ್ತಿದ್ದಾಗ ಮತ್ತೆ ಬಾಯಿ ಬಂತು. “ಎಂಥ ದರಿದ್ರ ಕಥೆನೇ ಅದು! ಈ ಬೆಳೆ ಗೂಡಾಗ್ಲಿ, ಇನ್ನೊಂದ್ ಕಣ್ಣೂ ಮಾಡ್ಸ್ಬಿಡು. ಆ ನೀಲೀನ ಎರಡ್ ಕಣ್ಣಲ್ಲೂ ನೋಡ್ಬೇಕು.”

ಬಸ್ ಸ್ಟ್ಯಾಂಡಿನಲ್ಲೇ ನನಗೆ ಅಳು ಬಂತು. ಆ ನಿರ್ದೇಶಕ ಇನ್ನು ಎಂಥ ಕಥೆಯನ್ನಾದರೂ ಹೇಳಿಕೊಳ್ಳಲಿ, ನಾನು ಬೈಯುವುದಿಲ್ಲ.