ತೊಂಬತ್ತು ಸೆಕೆಂಡಿನ ವಿಡಿಯೋ

ಮೂವತ್ತೊಂದು ವರ್ಷ ಪತ್ರಿಕೆಗೆ ಬರೆದು ಬೆರಳು ಸವೆಸಿದ ವರದಿಗಾರನಿಗೆ ಐವತ್ತಾರನೇ ವಯಸ್ಸಿನಲ್ಲಿ ಮತ್ತೆ ಅ ಆ ಇ ಈ ಶುರುವಾಯಿತು. ಅಚ್ಚು ನಿಲ್ಲುತ್ತದೆ, ಇನ್ನು ಎಲ್ಲವೂ ಮೊಬೈಲಿನಲ್ಲೇ. ಶುಕ್ರವಾರದೊಳಗೆ ತೊಂಬತ್ತು ಸೆಕೆಂಡಿನ ವಿಡಿಯೋ ಮಾಡಿ ತೋರಿಸಿದವರಿಗಷ್ಟೇ ಕೆಲಸ ಎಂದು ಕಚೇರಿ ಕಡ್ಡಿ ಮುರಿದಂತೆ ಹೇಳಿತ್ತು. ಎರಡು ವಾರದ ತರಬೇತಿಯಲ್ಲಿ ಅವನು ಹೆಚ್ಚಾಗಿ ಚಿತ್ರೀಕರಿಸಿದ್ದು ತನ್ನದೇ ಹೆಬ್ಬೆರಳನ್ನು. ಕಲಿಸುವ ಹುಡುಗಿ ಅವನ ಮಗಳ ವಾರಿಗೆಯವಳು. ಪಾಪ, ಒಂದು ದಿನವೂ ನಗಲಿಲ್ಲ. ನಕ್ಕುಬಿಟ್ಟಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಬುಧವಾರ ಅವನು ಹೋದದ್ದು ಒಬ್ಬ ಲಿಫ್ಟ್ ರಿಪೇರಿಯವನ ಮನೆಗೆ. ಹೋದ ತಿಂಗಳು ಆತ ಕೆಲಸ ಮಾಡುತ್ತಲೇ ಆರನೇ ಮಹಡಿಯಿಂದ ಬಿದ್ದು ಸತ್ತಿದ್ದ. ಒಂದೇ ಕೋಣೆ, ಬಾಗಿಲ ಹಿಂದೆ ಎಣ್ಣೆಕಲೆಯ ಅಂಗಿ ಇನ್ನೂ ನೇತಾಡುತ್ತಿತ್ತು. ಹೆಂಡತಿ ಫೋನಿನ ಮುಂದೆ ಮರಗಟ್ಟಿ ಕೂತು, "ತುಂಬಾ ಒಳ್ಳೆಯವರು" ಎಂದಷ್ಟೇ ಹೇಳಿದಳು. ಆಮೇಲೆ ಅವಳ ತುಟಿ ಅದುರಿತು. ತಕ್ಷಣ ವರದಿಗಾರನ ಕೈ ತಾನಾಗಿಯೇ ಫೋನ್ ಆರಿಸಿ ಜೇಬಿಗಿಳಿಸಿತು. ಪೆನ್ನು ಮುಚ್ಚಿದ ಮೇಲೇ ಜನ ಮನಸ್ಸು ಬಿಚ್ಚುವುದು. ಇಷ್ಟು ವರ್ಷ ಅವನಿಗೆ ಅನ್ನ ಹಾಕಿದ ವಿದ್ಯೆ ಅದು.

"ಬೀಳದ ಹಾಗೆ ಸೊಂಟಕ್ಕೆ ಕಟ್ಟೋ ಬೆಲ್ಟು ಕೊಡಿ ಅಂತ ಮಾಲೀಕರನ್ನ ಕೇಳ್ತೀನಿ ಅಂದ್ರು ಸರ್. ನಾನೇ ಬೇಡ ಅಂದೆ. ಬಾಯಿ ಮುಚ್ಕೊಂಡಿರಿ, ಇರೋ ಕೆಲಸಾನೂ ಹೋಗುತ್ತೆ ಅಂದೆ" ಎಂದು ಅವಳು ಬಿಕ್ಕಿದಳು.

ಕಚೇರಿಯಲ್ಲಿ ಹುಡುಗಿ ವಿಡಿಯೋ ನೋಡಿ, ಅವನು ಹೇಳಿದ್ದನ್ನೂ ಕೇಳಿಸಿಕೊಂಡು ಹಣೆ ಚಚ್ಚಿಕೊಂಡಳು.

"ಆ ಮಾತೇ ಅಲ್ವಾ ಸರ್ ಬೇಕಿದ್ದಿದ್ದು! ಇನ್ನೊಂದ್ಸಲ ಹೇಳಿಸ್ಕೊಂಡು ಬನ್ನಿ."

ಅವನಿಗೆ ಸಾಕುಸಾಕಾಗಿತ್ತು. ಆಗಲ್ಲ ಅಂದು ಎದ್ದುಬಿಡಬಹುದಿತ್ತು. ಆದರೆ ಮಗಳ ಓದು ಮುಗಿಯಲು ಇನ್ನೂ ಒಂದು ವರ್ಷವಿತ್ತು.

ಶುಕ್ರವಾರ ಬೆಳಿಗ್ಗೆ ಮತ್ತೆ ಆ ಮನೆಗೆ ಹೋಗಿ ಆ ಹೆಂಗಸಿಗೆ ಏನನ್ನೂ ಮುಚ್ಚಿಡದೆ ಹೇಳಿದ. "ನನ್ನ ಕೆಲಸದ ಪ್ರಶ್ನೆ ಕಣಮ್ಮಾ" ಎನ್ನುವಾಗ ನಾಚಿಕೆಯಿಂದ ಕುಗ್ಗಿಹೋದ. ಅವಳು ಮುಖ ಗಂಟಿಕ್ಕಲಿಲ್ಲ. ಕೂದಲು ಸರಿಮಾಡಿಕೊಂಡು, ಬೆಳಕು ಬರುವ ಕಡೆ ಕುರ್ಚಿ ಎಳೆದುಕೊಂಡು ಕೂತಳು. ಅದನ್ನೆಲ್ಲ ಮತ್ತೆ ಹೇಳಿದಳು, ಮತ್ತೆ ಅತ್ತಳು. ನಡುವೆ ಅವನ ಕೈಯಿಂದ ಫೋನ್ ಜಾರಿದಾಗ, ಕಣ್ಣೀರಲ್ಲೇ ಕಾದು, ಮೊದಲಿಂದ ಹೇಳಿದಳು.

ಮುಗಿದ ಮೇಲೆ ಮುಖ ಒರೆಸಿಕೊಂಡು ಕೇಳಿದಳು:

"ಸರಿಯಾಗಿ ಬಂತಾ ಸರ್? ನಿಮ್ಮ ಕೆಲಸಕ್ಕೇನೂ ತೊಂದ್ರೆ ಆಗಲ್ಲ ಅಲ್ವಾ?"