ಮಲಯದ ಪಾಠ, ಜಡೆಯ ಗದ್ದೆ

ನಮ್ಮೂರು ಜಡೆಯ ಶಾಲೆಯಲ್ಲಿ ಭೂಗೋಳ ಹೇಳುತ್ತಿದ್ದ ಮೇಷ್ಟ್ರು ಮಲಯ ಪರ್ಯಾಯ ದ್ವೀಪವನ್ನು ಬೋರ್ಡಿನ ಮೇಲೆ ಒಂದೇ ಗೆರೆಯಲ್ಲಿ ಇಳಿಸುತ್ತಿದ್ದರು.

“ಮಳೆ ಜೋರು, ಭತ್ತದ ನಾಡು. ಹೊರಗಿನೋರು ಬಂದು ರಬ್ಬರ್ ಹಾಕಿದ್ರು. ಆಮೇಲೆ ಅಲ್ಲಿ ಅಕ್ಕೀನೂ ಹೊರಗಿಂದ್ಲೇ ಬರ್ಬೇಕಾಯ್ತು. ಬರ್ಕೊಳ್ರೋ, ಪರೀಕ್ಷೆಗೆ ಬರುತ್ತೆ,” ಎಂದು ಸೀಮೆಸುಣ್ಣದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಮ್ಮ ಕಡೆಗೆ ಶುಂಠಿ ಬೆಳೆಯುವವರು ಬಂದರು. ಊರಲ್ಲಿ ಮೊದಲು ಗದ್ದೆಯನ್ನು ಗುತ್ತಿಗೆಗೆ ಕೊಟ್ಟವರು ಮೇಷ್ಟ್ರೇ.

“ಸಾರ್, ಮಲಯದಲ್ಲೂ ಹಿಂಗೇ ಆಗಿದ್ದಲ್ವಾ?” ಎಂದು ಕೇಳಿದೆ.

“ಅದು ಪಾಠ ಕಣೋ. ಇದು ಜಮೀನು.”

ಶುಂಠಿಗೆ ಕೊಳೆರೋಗ ಬಿತ್ತು. ಬಂದವರು ಬೇರೆ ಊರಿನ ಗದ್ದೆ ಹುಡುಕಿಕೊಂಡು ಹೋದರು. ಔಷಧಿ ಕುಡಿದ ಆ ನೆಲದಲ್ಲಿ ಭತ್ತ ಏಳಲಿಲ್ಲ.

ಆನವಟ್ಟಿ ಸಂತೆಯಲ್ಲಿ ಮೇಷ್ಟ್ರು ಅಕ್ಕಿಕಾಳು ಕಚ್ಚಿ ನೋಡುತ್ತಿದ್ದರು. ನನ್ನನ್ನು ಕಂಡು ಕೈಯನ್ನು ಪಂಚೆಗೆ ಒರೆಸಿಕೊಂಡರು.

“ಬರ್ಕೊಳೋ,” ಎಂದರು. “ಪರೀಕ್ಷೆಗೆ ಬರುತ್ತೆ.”