ಅತ್ತಿ, ಮಿಕ್ಸರ್ ಮತ್ತು ಕೆಂಪ ಚಟ್ನಿ

ಗೆಳೆಯರ, ಇವತ್ತು ಮುಂಜಾನಿ ನಮ್ಮ ಅತ್ತಿ ದಾಂಡೇಲಿ ಪ್ಯಾಟ್ಯಾಗ ಒಂದು ಅಂಗಡಿ ನಡುಗಿಸಿ ಬಂದ್ರು.

ಹೋದ ವಾರ ಕೊಂಡ ಮಿಕ್ಸರ್‌ನ ಜಾರು ಬುಡದಿಂದ ಸೋರತಿತ್ತು. ಅಂಗಡಿಗೆ ಒಯ್ದು ಬದಲಿ ಕೊಡ್ರಿ ಅಂದ್ವಿ. ಅಂಗಡಿಯವರು ಅದನ್ನ ಮುಟ್ಟಿ ಸೈತ ನೋಡಲಿಲ್ಲ. "ನಿಮಗ ಬಳಸಾಕ ಬಂದಿಲ್ರಿ ಅಮ್ಮಾರ. ಬಿಲ್ ಓದ್ರಿ, ಮಾರಿದ ಮಾಲು ವಾಪಸ್ ತಗೊಳ್ಳೂದಿಲ್ಲ" ಅಂದ್ರು.

ನಾನು ಸುಮ್ಮನ ಹೊಳ್ಳಿ ಹೊಂಟಿದ್ದೆ. ಆದ್ರ ನಲವತ್ತು ವರ್ಷ ಒಳಕಲ್ಲಿನ್ಯಾಗ ರುಬ್ಬಿದ ಅತ್ತಿಗೆ ಆ ಮಾತು ನಾಟಿತು. ಸಂತಿ ಚೀಲದಾಗಿಂದ ಕೆಂಪ ಮೆಣಸಿನಕಾಯಿ, ಬೆಳ್ಳುಳ್ಳಿ, ನೀರಿನ ಬಾಟ್ಲಿ ತಗದು ಕೌಂಟರ್ ಮ್ಯಾಲ ಇಟ್ರು.

"ಹಂಗಾರ ನೀವ ರುಬ್ಬಿ ತೋರಸ್ರಿ. ನಾವು ನೋಡಿ ಕಲೀತೇವಿ."

ಗಿರಾಕಿಗಳೆಲ್ಲ ಸುತ್ತ ನಿಂತಿದ್ರು. ಪಾಪ, ಅಂಗಡಿಯವರು ಗುಂಡಿ ತಿರುವಿದ್ರು. ಅರ್ಧ ನಿಮಿಷದಾಗ ಚಟ್ನಿ ಕೌಂಟರ್ ಮ್ಯಾಲಿಂದ ಹರದು ಅವರ ಬಿಳಿ ಅಂಗಿಗೆ ಹತ್ತಿತು.

"ಕಂಪನಿಗೆ ಫೋನ್ ಮಾಡ್ರಿ" ಅಂದ್ರು ಅಂಗಡಿಯವರು, ಇನ್ನೂ ಬಿಗುವಿನಿಂದನ.

"ನೀವ ಮಾಡ್ರಿ. ನಾ ಕೊಂಡಿದ್ದು ನಿಮ್ಮ ಕಡೆ. ಇಲ್ಲಂದ್ರ ಕಾರವಾರದ ಗ್ರಾಹಕರ ಕೋರ್ಟಿಗೆ ಹೋಗೂಣು, ನಡೀರಿ. ಬಸ್ಸಿಗೆ ಇನ್ನೂ ಟೈಮ್ ಐತಿ" ಅಂದ್ರು ಅತ್ತಿ.

ಅಷ್ಟರಾಗ ಒಬ್ಬ ಗಿರಾಕಿ ಕೊಳ್ಳಾಕ ಹಿಡದಿದ್ದ ಕುಕ್ಕರ್ ಸದ್ದಿಲ್ಲದ ಕೆಳಗಿಟ್ರು. ಅದನ್ನ ನೋಡಿದ್ದ ತಡ, ಒಳಗಿಂದ ಹೊಸ ಮಿಕ್ಸರ್ ಬಂತು. ಅತ್ತಿ ಅದನ್ನೂ ಅಲ್ಲೇ ತಿರುಗಿಸಿ ನೋಡೇ ತಗೊಂಡ್ರು.

ಈಗ ನಾ ಇದನ್ನ ಬರಿಯೂ ಹೊತ್ತಿಗೆ ಓಣಿಯ ಇಬ್ಬರು ಹೆಣ್ಣುಮಕ್ಕಳು ತಿರುಗದ ಫ್ಯಾನು, ಕಾಯದ ಇಸ್ತ್ರಿ ಹಿಡಕೊಂಡು ನಮ್ಮ ಕಟ್ಟಿ ಮ್ಯಾಲ ಕುಂತಾರ. ಅತ್ತಿ ಚಪ್ಪಲ್ ಮೆಟ್ಟಿಕೋತ ಕೇಳಾಕತ್ತಾರ, "ಮೊದಲ ಯಾರ ಅಂಗಡಿಗೆ ಹೋಗೂಣು?"